ಬಡೀಯ ಪಥ್ಯ

ನಮ್ಮ ಮನೆಗಳಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಔಷಧಿಗಿಂತ ಮೊದಲು ಅಡುಗೆಮನೆ ಬದಲಾಗುತ್ತದೆ. ಒಗ್ಗರಣೆ ನಿಲ್ಲುತ್ತದೆ, ಗಂಜಿ ಬೇಯುತ್ತದೆ, ಮೆಣಸಿನ ಸಾರು ಒಲೆಯೇರುತ್ತದೆ. ಬಾಣಂತಿಗೊಂದು ಪಥ್ಯ, ಕಾಮಾಲೆಗೊಂದು ಪಥ್ಯ, ಸಕ್ಕರೆ ಕಾಯಿಲೆಗೊಂದು ಪಥ್ಯ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡದ ಮಗುವಿಲ್ಲ. ಆದರೆ ಹೊಸಿಲಾಚೆ ಮಲಗಿದ ನಾಯಿಯ ವಿಷಯಕ್ಕೆ ಬಂದರೆ ಈ ತಿಳಿವಳಿಕೆಯೆಲ್ಲ ಬಾಗಿಲಲ್ಲೇ ನಿಂತುಬಿಡುತ್ತದೆ. ಮಿಕ್ಕ ಅನ್ನ, ಉಳಿದ ಮುದ್ದೆ, ಒಂದಿಷ್ಟು ಮಜ್ಜಿಗೆ, ಹಬ್ಬದ ಮಾರನೆಯ ದಿನ ಮೂಳೆ. ನಾಯಿ ಸೊರಗಿದರೂ ಅದರ ತಟ್ಟೆ ಮಾತ್ರ ಬದಲಾಗುವುದಿಲ್ಲ.

ನಾಯಿಗೂ ಪಥ್ಯವುಂಟು, ಆ ಪಥ್ಯವನ್ನು ಅಳತೆಯಿಟ್ಟು ಮಾಡಬಹುದು, ಅದರಿಂದ ಅದರ ಆಯುಷ್ಯವನ್ನೇ ಹಿಗ್ಗಿಸಬಹುದು ಎಂದು ಕಂಡುಕೊಂಡ ಕತೆ ಇದು. ನಡೆದದ್ದು ಅಮೆರಿಕದಲ್ಲಿ. ಇದರಲ್ಲಿ ಬರುವವರು ಕಣ್ಣು ಕಳೆದುಕೊಂಡ ಒಬ್ಬ ಯುವಕ, ಅವನ ನಾಯಿ, ಒಬ್ಬ ಪಶುವೈದ್ಯ, ಒಲೆಯ ಮುಂದೆ ನಿಂತ ಅವನ ಹೆಂಡತಿ, ಮತ್ತು ಸತ್ತ ಜಾನುವಾರು ಸಾಗಿಸುವ ಕೆಲಸದಿಂದ ಶುರುವಾದ ಒಂದು ಮನೆತನದ ಉದ್ಯಮ.

ಕಣ್ಣಾಗಿ ಬಂದ ನಾಯಿ

ಮಾರಿಸ್ ಫ್ರಾಂಕ್ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಊರಿನವರು. 6ನೇ ವಯಸ್ಸಿನಲ್ಲಿ ಕುದುರೆ ಸವಾರಿ ಮಾಡುವಾಗ ಮರದ ಕೊಂಬೆ ಬಡಿದು ಒಂದು ಕಣ್ಣು ಹೋಯಿತು. 16ನೇ ವಯಸ್ಸಿನಲ್ಲಿ ಬಾಕ್ಸಿಂಗ್ ಆಡುವಾಗ ಏಟು ಬಿದ್ದು ಇನ್ನೊಂದೂ ಹೋಯಿತು. 1927ರ ನವೆಂಬರ್‌ನಲ್ಲಿ ತಂದೆ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯ ಒಂದು ಲೇಖನವನ್ನು ಮಗನಿಗೆ ಓದಿ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನು ಕೈಹಿಡಿದು ನಡೆಸಲು ಜರ್ಮನಿಯಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದಾರೆ ಎಂಬುದು ಅದರ ವಿಷಯ. ಬರೆದವರು ಡೊರೊಥಿ ಹ್ಯಾರಿಸನ್ ಯೂಸ್ಟಿಸ್. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್ ಶೆಫರ್ಡ್ ನಾಯಿಗಳನ್ನು ಸಾಕಿ ತರಬೇತಿ ಕೊಡುತ್ತಿದ್ದ ಅಮೆರಿಕದ ಮಹಿಳೆ.

ಫ್ರಾಂಕ್ ಯೂಸ್ಟಿಸ್ ಅವರಿಗೆ ಕಾಗದ ಬರೆದರು. ತನಗೊಂದು ನಾಯಿ ಕೊಟ್ಟರೆ ಅಮೆರಿಕಕ್ಕೆ ಮರಳಿ ತನ್ನಂಥವರೆಲ್ಲರಿಗೂ ಅದೇ ವಿದ್ಯೆ ಸಿಗುವಂತೆ ಮಾಡುವೆನೆಂದು ಮಾತು ಕೊಟ್ಟರು. 1928ರ ವಸಂತದಲ್ಲಿ ಸ್ವಿಟ್ಜರ್ಲೆಂಡಿಗೆ ಹೋದರು. ಅಲ್ಲಿ ಅವರ ಪಾಲಿಗೆ ಬಂದ ಹೆಣ್ಣು ನಾಯಿಯ ಹೆಸರು ಕಿಸ್. ಫ್ರಾಂಕ್ ಅದನ್ನು ‘ಬಡೀ’ ಎಂದು ಬದಲಿಸಿದರು. ಗೆಳೆಯ ಎಂದು ಅದರ ಅರ್ಥ. ಅದೇ ಜೂನ್‌ನಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಇಳಿದಾಗ ಪತ್ರಿಕೆಯವರು ಮುತ್ತಿಕೊಂಡರು. ವಾಹನಗಳು ಎಡೆಬಿಡದೆ ನುಗ್ಗುವ ಬಂದರಿನ ಅಗಲ ಬೀದಿಯನ್ನು ನಾಯಿಯನ್ನೇ ನಂಬಿ ದಾಟಿ ತೋರಿಸಿ ಎಂದರು. ಫ್ರಾಂಕ್ ದಾಟಿದರು. ಯೂಸ್ಟಿಸ್ ಅವರಿಗೆ ಅವರು ಕಳಿಸಿದ ತಂತಿಯಲ್ಲಿ ಇದ್ದದ್ದು ಒಂದೇ ಪದ: ಯಶಸ್ಸು.

ಕೊಟ್ಟ ಮಾತಿನಂತೆ 1929ರ ಜನವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ‘ಸೀಯಿಂಗ್ ಐ’ ಸಂಸ್ಥೆ ಹುಟ್ಟಿತು. ಎರಡು ವರ್ಷದಲ್ಲಿ ಅದು ನ್ಯೂಜೆರ್ಸಿಗೆ ಸ್ಥಳಾಂತರವಾಯಿತು. ಮುಂದಿನ ವರ್ಷಗಳೆಲ್ಲ ಫ್ರಾಂಕ್ ರೈಲು ಹತ್ತಿ, ಹೋಟೆಲಿನ ಬಾಗಿಲು ತಟ್ಟಿ ಊರೂರು ಸುತ್ತಿದರು. ನಾಯಿಯೊಂದಿಗೆ ಬಂದ ಅಂಧರನ್ನು ಒಳಗೆ ಬಿಡಿ ಎಂದು ಎಲ್ಲೆಡೆ ವಾದಿಸಿದರು. 1938ರಲ್ಲಿ ಮೊದಲ ಬಡೀ ತೀರಿಕೊಂಡಿತು. ನಂತರ ಬಂದ ನಾಯಿಗೂ ಫ್ರಾಂಕ್ ಅದೇ ಹೆಸರಿಟ್ಟರು, ಅದರ ಜೊತೆಗೂ ಅದೇ ಅಲೆದಾಟ.

1939ರಲ್ಲಿ ಬಡೀಗೆ ಮೂತ್ರಪಿಂಡದ ಕಾಯಿಲೆ ಕಾಣಿಸಿತು.

ಸಾಕಿದ ನಾಯಿ ಕಾಯಿಲೆ ಬಿದ್ದರೆ ಯಾರಿಗಾದರೂ ಸಂಕಟವೇ. ಫ್ರಾಂಕ್ ಪಾಲಿಗೆ ಅದು ಎರಡನೇ ಬಾರಿ ಕಣ್ಣು ಕಳೆದುಕೊಳ್ಳುವ ಮಾತಾಗಿತ್ತು. ಅವರು ನ್ಯೂಜೆರ್ಸಿಯ ಒಬ್ಬ ಪಶುವೈದ್ಯರ ಬಳಿಗೆ ಹೋದರು. ಆ ವೈದ್ಯರ ಹೆಸರು ಡಾ. ಮಾರ್ಕ್ ಮಾರಿಸ್.

ಕುದುರೆ ಹೋದ ಮೇಲೆ

1900ರಲ್ಲಿ ಹುಟ್ಟಿದ ಮಾರ್ಕ್ ಮಾರಿಸ್ 1926ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಶುವೈದ್ಯ ಪದವಿ ಪಡೆದರು. ಆ ಕಾಲದಲ್ಲಿ ಪಶುವೈದ್ಯರೆಂದರೆ ಮುಖ್ಯವಾಗಿ ಕುದುರೆಯ ವೈದ್ಯರು. ಗಾಡಿ, ಟ್ರಾಮು, ಉಳುಮೆ ಎಲ್ಲವೂ ಕುದುರೆಯ ಬೆನ್ನ ಮೇಲೆ ನಿಂತಿದ್ದವು. ಆದರೆ ಕಾರು, ಲಾರಿ, ಟ್ರ್ಯಾಕ್ಟರುಗಳು ಬರಬರುತ್ತಾ ಕುದುರೆ ಬೀದಿಯಿಂದ ಮರೆಯಾಗತೊಡಗಿತ್ತು, ಅದರ ಜೊತೆಗೇ ವೈದ್ಯರ ಕಸುಬೂ. ಡಾ. ಮಾರಿಸ್ ಆಗ ಯಾರೂ ಅಷ್ಟಾಗಿ ತುಳಿಯದ ದಾರಿ ಹಿಡಿದರು. 1920ರ ದಶಕದ ಕೊನೆಯಲ್ಲಿ ನ್ಯೂಜೆರ್ಸಿಯ ರ‍್ಯಾರಿಟನ್ ಪ್ರದೇಶದಲ್ಲಿ, ಇಂದಿನ ಎಡಿಸನ್ ಪಟ್ಟಣದಲ್ಲಿ, ನಾಯಿ ಬೆಕ್ಕುಗಳಿಗೆಂದೇ ಆಸ್ಪತ್ರೆ ತೆರೆದರು. ಅಮೆರಿಕದಲ್ಲಿ ಅಂಥ ಆಸ್ಪತ್ರೆಗಳು ಆಗ ಬೆರಳೆಣಿಕೆಯಷ್ಟು. 1933ರಲ್ಲಿ ಇಂಥ ಆಸ್ಪತ್ರೆಗಳೆಲ್ಲ ಸೇರಿ ಸಂಘ ಕಟ್ಟಿಕೊಂಡಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ.

ಕುದುರೆಯ ನಿರ್ಗಮನ ಇನ್ನೊಂದು ಬಾಗಿಲನ್ನೂ ತೆರೆದಿತ್ತು. ಕೆಲಸವಿಲ್ಲದ ಕುದುರೆಗಳ ಮಾಂಸ ಅಗ್ಗವಾಗಿ ಸಿಗತೊಡಗಿದಾಗ, 1920ರ ದಶಕದಲ್ಲಿ ಅದನ್ನು ಡಬ್ಬಿಗೆ ತುಂಬಿ ನಾಯಿಯ ಆಹಾರವಾಗಿ ಮಾರುವ ಉದ್ಯಮ ಅಮೆರಿಕದಲ್ಲಿ ಬೆಳೆಯಿತು. ಅದಕ್ಕೂ ಮುಂಚೆ, 1860ರ ದಶಕದಲ್ಲಿ, ಜೇಮ್ಸ್ ಸ್ಪ್ರ್ಯಾಟ್ ಎಂಬಾತ ಇಂಗ್ಲೆಂಡಿನಲ್ಲಿ ನಾಯಿ ಬಿಸ್ಕತ್ತು ಮಾರಲು ತೊಡಗಿದ್ದ. ಅಂದರೆ ನಾಯಿಯ ಆಹಾರ ಅಂಗಡಿಯಲ್ಲಿ ಸಿಗುವುದು 1939ರ ಹೊತ್ತಿಗೆ ಹೊಸದೇನಲ್ಲ. ಆದರೆ ಅದೆಲ್ಲ ಹೊಟ್ಟೆ ತುಂಬಿಸುವ ಆಹಾರ. ಗಟ್ಟಿಮುಟ್ಟಾದ ನಾಯಿಗೂ ಕಿಡ್ನಿ ಸೋತ ನಾಯಿಗೂ ಒಂದೇ ಡಬ್ಬಿ.

ಹಸಿ ಸೌದೆ, ಒಣ ಸೌದೆ

ನಾಯಿಯ ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 4 ಲಕ್ಷ ಸೋಸುವ ಘಟಕಗಳಿವೆ. ನೆಫ್ರಾನ್ ಎಂದು ಅವುಗಳ ಹೆಸರು. ರಕ್ತವನ್ನು ಸೋಸಿ, ಬೇಕಾದದ್ದನ್ನು ಉಳಿಸಿ, ಬೇಡದ್ದನ್ನು ಮೂತ್ರದಲ್ಲಿ ಹೊರಗೆ ಕಳಿಸುವುದು ಇವುಗಳ ಕೆಲಸ. ಕೆಲವು ಸತ್ತರೆ ಉಳಿದವು ಅವುಗಳ ಹೊರೆಯನ್ನೂ ಹೊರುತ್ತವೆ. ಹಾಗಾಗಿ ಕಾಯಿಲೆ ಬಹಳ ಕಾಲ ಅಡಗಿಯೇ ಇರುತ್ತದೆ. ಮೂರರಲ್ಲಿ ಎರಡು ಪಾಲು ಹಾಳಾದ ಮೇಲಷ್ಟೇ ನಾಯಿ ಹೆಚ್ಚು ನೀರು ಕುಡಿಯಲು ಶುರುಮಾಡುತ್ತದೆ, ನೀರಿನಂಥ ಮೂತ್ರ ಮಾಡುತ್ತದೆ. ನಾಲ್ಕರಲ್ಲಿ ಮೂರು ಪಾಲು ಹೋದ ಮೇಲೆ ರಕ್ತದಲ್ಲಿ ಕಶ್ಮಲ ಏರುತ್ತದೆ. ಬಾಯಿ ನಾರುತ್ತದೆ, ಹುಣ್ಣಾಗುತ್ತದೆ, ವಾಂತಿಯಾಗುತ್ತದೆ, ಊಟ ಸೇರುವುದಿಲ್ಲ. ಸತ್ತ ನೆಫ್ರಾನುಗಳನ್ನು ಬದುಕಿಸುವ ಮದ್ದು ಅಂದೂ ಇರಲಿಲ್ಲ, ಇಂದೂ ಇಲ್ಲ.

ಹಾಗಿದ್ದರೆ ವೈದ್ಯ ಏನು ಮಾಡಬೇಕು? ಡಾ. ಮಾರಿಸ್ ಹಿಡಿದ ದಾರಿ ಹೀಗಿತ್ತು. ಕಿಡ್ನಿಯನ್ನು ಸರಿಮಾಡಲು ಆಗದು, ಆದರೆ ಅದರ ಹೊರೆಯನ್ನು ಇಳಿಸಬಹುದು. ಆ ಹೊರೆ ಬರುವುದು ತಟ್ಟೆಯಿಂದ.

ಒಲೆಯ ಉದಾಹರಣೆಯಿಂದ ಇದನ್ನು ಹೇಳಬಹುದು. ಒಣ ಸೌದೆ ಉರಿದರೆ ಶಾಖ ಹೆಚ್ಚು, ಹೊಗೆ ಕಡಿಮೆ. ಹಸಿ ಸೌದೆ ಉರಿದರೆ ಶಾಖದ ಜೊತೆ ಮನೆತುಂಬ ಹೊಗೆ. ಅನ್ನದಂಥ ಪಿಷ್ಟವೂ ಕೊಬ್ಬೂ ದೇಹಕ್ಕೆ ಒಣ ಸೌದೆಯಿದ್ದಂತೆ. ಪ್ರೋಟೀನು ಹಾಗಲ್ಲ. ಮೈ ಕಟ್ಟಲು ಬೇಕಾದಷ್ಟಕ್ಕಿಂತ ಹೆಚ್ಚು ತಿಂದರೆ ಮಿಕ್ಕದ್ದು ಉರುವಲಾಗುತ್ತದೆ, ಹಾಗೆ ಉರಿದಾಗ ಅದರೊಳಗಿನ ಸಾರಜನಕ ಯೂರಿಯಾ ಮೊದಲಾದ ಕಶ್ಮಲವಾಗುತ್ತದೆ. ಈ ಹೊಗೆಯನ್ನು ಹೊರಗೆ ಹಾಕುವ ಹೊಗೆಗೂಡೇ ಮೂತ್ರಪಿಂಡ. ಹೊಗೆಗೂಡು ಮುಕ್ಕಾಲು ಕಟ್ಟಿಕೊಂಡಿರುವಾಗ ಹಸಿ ಸೌದೆ ತುಂಬುತ್ತಾ ಹೋದರೆ ಮನೆಯಲ್ಲಿರುವವರು ಉಸಿರುಕಟ್ಟಿ ಸಾಯುತ್ತಾರೆ.

ಮಾಂಸಾಹಾರಿ ಪ್ರಾಣಿ ಎಂದು ನಾಯಿಗೆ ಹೆಚ್ಚು ಮಾಂಸ ಹಾಕುವುದೇ ಒಳ್ಳೆಯ ಆರೈಕೆ ಎಂಬ ನಂಬಿಕೆಗೆ ಇದು ತೀರಾ ಎದುರು. ಡಾ. ಮಾರಿಸ್ ಪ್ರೋಟೀನನ್ನು ಇಳಿಸಿದರು, ಪೂರ್ತಿ ನಿಲ್ಲಿಸಲಿಲ್ಲ. ಪೂರ್ತಿ ನಿಲ್ಲಿಸಿದರೆ ದೇಹ ತನ್ನ ಸ್ನಾಯುವನ್ನೇ ಒಲೆಗೆ ಹಾಕಿಕೊಳ್ಳುತ್ತದೆ, ಆಗಲೂ ಅದೇ ಹೊಗೆ. ಆದ್ದರಿಂದ ಕೊಡುವ ಪ್ರೋಟೀನು ಕಡಿಮೆಯಿರಬೇಕು, ಕೊಟ್ಟಷ್ಟೂ ಮೈಗೆ ಹತ್ತುವಂಥದ್ದಾಗಿರಬೇಕು. ಮೊಟ್ಟೆಯ ಪ್ರೋಟೀನು ಅಂಥದ್ದು. ಉಪ್ಪೂ ಇಳಿಯಬೇಕು, ಬೇಕಾದ ಶಕ್ತಿ ಪಿಷ್ಟದಿಂದಲೂ ಕೊಬ್ಬಿನಿಂದಲೂ ಬರಬೇಕು. ಮುಂದೆ ಪಶುವೈದ್ಯರ ಕೈಪಿಡಿಗಳಲ್ಲಿ ನೆಲೆನಿಂತ ಇಂಥ ಪಥ್ಯದ ಮನೆಯಡುಗೆಯಲ್ಲಿ ಉಪ್ಪಿಲ್ಲದ ಅನ್ನ, ಬೇಯಿಸಿದ ಮೊಟ್ಟೆ, ಬ್ರೆಡ್ಡು, ಸ್ವಲ್ಪವೇ ಸ್ವಲ್ಪ ಮಾಂಸ, ಒಂದಿಷ್ಟು ಸುಣ್ಣದ ಅಂಶ ಇರುವುದನ್ನು ಕಾಣಬಹುದು. ನಮ್ಮ ಯಾವ ಅಜ್ಜಿಗೆ ತೋರಿಸಿದರೂ ‘ಇದು ಪಥ್ಯದೂಟ’ ಎಂದು ಗುರುತಿಸಿಯಾರು.

ಅದೇ 1939ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ವೈದ್ಯರು ಮೂತ್ರಪಿಂಡದ ಕಾಯಿಲೆಯ ಮನುಷ್ಯರಿಗೆ ಅನ್ನ, ಹಣ್ಣು, ಸಕ್ಕರೆಯ ಪಥ್ಯ ಕೊಟ್ಟು ನೋಡತೊಡಗಿದ್ದರು. ಮನುಷ್ಯರಲ್ಲಿಯೇ ಈ ವಿಚಾರ ಪರೀಕ್ಷೆಯ ಹಂತದಲ್ಲಿದ್ದಾಗ ಒಬ್ಬ ಪಶುವೈದ್ಯ ತನ್ನ ರೋಗಿಯಾದ ನಾಯಿಗೂ ಅಷ್ಟೇ ಗಂಭೀರವಾಗಿ ಯೋಚಿಸಿದ ಎಂಬುದು ನನಗೆ ಈ ಕತೆಯಲ್ಲಿ ಬಹಳ ದೊಡ್ಡದಾಗಿ ಕಾಣುತ್ತದೆ.

ಒಡೆದ ಭರಣಿಗಳು

ವಿಚಾರ ಆಸ್ಪತ್ರೆಯದ್ದು, ಅಡುಗೆ ಮನೆಯದ್ದು. ಡಾ. ಮಾರಿಸ್ ಮತ್ತು ಅವರ ಪತ್ನಿ ಲೂಯಿಸ್ ತಮ್ಮ ಅಡುಗೆಮನೆಯಲ್ಲೇ ಬಡೀಗಾಗಿ ಆ ಆಹಾರ ಬೇಯಿಸಿದರು. ನಾಯಿ ಚೇತರಿಸಿಕೊಂಡಿತು. ಫ್ರಾಂಕ್ ಮತ್ತೆ ಹೊರಟು ನಿಂತರು.

ಅಲ್ಲಿಗೆ ಕತೆ ಮುಗಿಯಬಹುದಿತ್ತು. ಆದರೆ ಪಥ್ಯವೆಂದರೆ ಮಾತ್ರೆಯಲ್ಲ, ಒಂದು ವಾರ ನುಂಗಿ ಬಿಡುವಂತಿಲ್ಲ. ಬಡೀ ಬದುಕಿರುವವರೆಗೂ ದಿನವೂ ಅದೇ ಬೇಕು, ಫ್ರಾಂಕ್ ಅವರೋ ತಿರುಗುವ ಮನುಷ್ಯ. ಇಂದು ಒಂದು ಊರು, ನಾಳೆ ಇನ್ನೊಂದು. ಕಣ್ಣು ಕಾಣದವರು ಹೋಟೆಲಿನ ಕೋಣೆಯಲ್ಲಿ ಅಳತೆಯಿಟ್ಟು ನಾಯಿಗೆ ಬೇಯಿಸುವುದೆಲ್ಲಿಂದ ಬಂತು? ಹೀಗಾಗಿ ಮಾರಿಸ್ ದಂಪತಿ ಆಹಾರವನ್ನು ಗಾಜಿನ ಭರಣಿಗಳಲ್ಲಿ ತುಂಬಿ ಮುಚ್ಚಳ ಬಿಗಿದು ಅಂಚೆಯಲ್ಲಿ ಕಳಿಸತೊಡಗಿದರು. ಭರಣಿಗಳು ದಾರಿಯಲ್ಲಿ ಒಡೆದವು. ಮತ್ತೆ ತುಂಬಿದರು, ಮತ್ತೆ ಒಡೆದವು.

ಈ ಕತೆಯಲ್ಲಿ ಒಡೆದ ಭರಣಿಗೆ ನಾನು ದೊಡ್ಡ ಸ್ಥಾನ ಕೊಡುತ್ತೇನೆ. ಬಡೀಯೊಂದಕ್ಕೇ ಬೇಯಿಸುವ ತನಕ ಅದು ವೈದ್ಯರ ಅಕ್ಕರೆ. ಗಾಜು ಬಿಟ್ಟು ತವರದ ಡಬ್ಬಿಗೆ ಬರಬೇಕಾದಾಗ ಅದು ಬೇರೆಯೇ ಕೆಲಸವಾಯಿತು. ದಂಪತಿ ಕೈಯಲ್ಲಿ ತಿರುಗಿಸುವ ಡಬ್ಬಿ ಮುಚ್ಚುವ ಯಂತ್ರ ತಂದು ಡಬ್ಬಿ ತುಂಬತೊಡಗಿದರು. ಹುಳಿಯಿಲ್ಲದ ಆಹಾರವನ್ನು ಡಬ್ಬಿಯಲ್ಲಿ ಕೆಡದಂತೆ ಇಡಬೇಕಾದರೆ ನೀರು ಕುದಿಯುವ ಬಿಸಿ ಸಾಲದು. ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು, ಇಲ್ಲದಿದ್ದರೆ ಪ್ರಾಣ ತೆಗೆಯುವ ಸೂಕ್ಷ್ಮಾಣುವಿನ ಬೀಜಕಗಳು ಉಳಿದುಬಿಡುತ್ತವೆ. ಅದಕ್ಕಿಂತ ಮುಖ್ಯವಾಗಿ, ಇಂದಿನ ಡಬ್ಬಿಯಲ್ಲಿದ್ದದ್ದೇ ನಾಳಿನ ಡಬ್ಬಿಯಲ್ಲೂ ಇರಬೇಕು. ಅಜ್ಜಿಯ ಪಥ್ಯ ಅವಳ ಕೈಯಳತೆಯಲ್ಲಿದೆ, ಅವಳ ಜೊತೆ ಹೋಗಿಬಿಡುತ್ತದೆ. ಡಬ್ಬಿಯ ಪಥ್ಯ ತೂಕದಲ್ಲಿರಬೇಕು, ಬೇರೆ ಊರಿನ ಬೇರೆ ವೈದ್ಯ ಬೇರೆ ನಾಯಿಗೆ ಕೊಟ್ಟಾಗಲೂ ಅದೇ ಗುಣ ತೋರಬೇಕು. ಒಂದು ಮನೆಯ ಆರೈಕೆ ವಿಜ್ಞಾನವಾಗಿ ಮಾರ್ಪಟ್ಟದ್ದು ಇಲ್ಲಿ.

ಸುದ್ದಿ ಹರಡಿ ಬೇರೆ ವೈದ್ಯರೂ ಕೇಳತೊಡಗಿದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಅಮೆರಿಕವನ್ನೂ ಎಳೆದುಕೊಂಡಿತು. ತವರ ಸೇನೆಯ ಪಾಲಾಯಿತು. ಡಬ್ಬಿ ಸಿಗದೆ ನಾಯಿ ಆಹಾರದ ಕಂಪನಿಗಳು ಒಣ ಆಹಾರದ ಕಡೆ ತಿರುಗಿದವು. ಯುದ್ಧ ಮುಗಿದು ತವರ ಮರಳಿ ಬಂದಾಗ, ಬೇಡಿಕೆಗೆ ತಕ್ಕಷ್ಟು ತಯಾರಿಸುವುದು ಗಂಡ ಹೆಂಡತಿಯ ನಾಲ್ಕು ಕೈಗಳ ಮಾತಾಗಿರಲಿಲ್ಲ.

ಟೊಪೀಕದ ಹಿಲ್ ಮನೆತನ

ಕ್ಯಾನ್ಸಸ್ ರಾಜ್ಯದ ಟೊಪೀಕ ನಗರದಲ್ಲಿ 1907ರಲ್ಲಿ ಬರ್ಟನ್ ಹಿಲ್ ಎಂಬವರು ಒಂದು ಕಾರ್ಖಾನೆ ತೆರೆದಿದ್ದರು. ನಗರದಲ್ಲಿ ಸತ್ತ, ಕುಂಟಾದ ಜಾನುವಾರುಗಳನ್ನು ಸಾಗಿಸಿಕೊಂಡು ಹೋಗುವ ಗುತ್ತಿಗೆ ಅವರದು. ಅವುಗಳಿಂದ ಕೊಬ್ಬು ಕರಗಿಸುವುದು, ಚರ್ಮ ತೆಗೆಯುವುದು, ಉಳಿದ ಮಾಂಸವನ್ನು ಒಣಗಿಸಿ ಹಂದಿ ಕೋಳಿಗಳ ಮೇವು ಮಾಡುವುದು ಕಸುಬು. ಊರಿಗೆ ಬೇಕಾದ, ಆದರೆ ಯಾರೂ ಹತ್ತಿರ ಸುಳಿಯಲು ಬಯಸದ ಕೆಲಸ. 1930ರ ದಶಕಕ್ಕೆ ಬರುವಷ್ಟರಲ್ಲಿ ಅದು ‘ಹಿಲ್ ಪ್ಯಾಕಿಂಗ್ ಕಂಪನಿ’ಯಾಗಿ, ಕುದುರೆ ಮಾಂಸ ಸಂಸ್ಕರಿಸುವ, ಹಿಟ್ಟಿನ ಗಿರಣಿ ನಡೆಸುವ, ನಾಯಿ ಆಹಾರ ಮಾಡುವ ಮನೆತನದ ಉದ್ಯಮವಾಗಿ ಬೆಳೆದಿತ್ತು.

ಡಾ. ಮಾರಿಸ್ ಅವರನ್ನು ನಾಯಿಯ ಕಡೆ ತಿರುಗಿಸಿದ್ದು ಕುದುರೆಯ ನಿರ್ಗಮನ. ಹಿಲ್ ಮನೆತನವನ್ನು ಡಬ್ಬಿಯ ಕಡೆ ತಿರುಗಿಸಿದ್ದರಲ್ಲೂ ಅದಕ್ಕೆ ಪಾಲಿದೆ. ಎರಡು ದಾರಿಗಳು 1948ರಲ್ಲಿ ಕೂಡಿದವು. ಡಾ. ಮಾರಿಸ್ ತಮ್ಮ ಆಹಾರವನ್ನು ತಯಾರಿಸುವ ಪರವಾನಗಿಯನ್ನು ಹಿಲ್ ಕಂಪನಿಗೆ ಕೊಟ್ಟರು. ಬಡೀಗಾಗಿ ಬೇಯಿಸಿದ ಪಥ್ಯ ‘ಕೆನೈನ್ ಕೆ/ಡಿ’ ಎಂಬ ಹೆಸರಿನಲ್ಲಿ ಡಬ್ಬಿಯಾಯಿತು. ದಿನಸಿ ಅಂಗಡಿಯಲ್ಲಿ ಅಲ್ಲ, ಪಶುವೈದ್ಯರ ಕೈಯಿಂದ ಮಾತ್ರ ಸಿಗುವಂತೆ. ಆಹಾರಕ್ಕೆ ವೈದ್ಯರ ಚೀಟಿ ಎಂಬ ಪದ್ಧತಿ ಸಾಕುಪ್ರಾಣಿಗಳ ಲೋಕದಲ್ಲಿ ಬೇರೂರಿದ್ದು ಹೀಗೆ. ಹೃದಯದ ಕಾಯಿಲೆಗೆ, ಕರುಳಿನ ತೊಂದರೆಗೆ, ಬೊಜ್ಜಿಗೆ ಬೇರೆ ಬೇರೆ ಪಥ್ಯಗಳು ಮುಂದೆ ಒಂದೊಂದಾಗಿ ಬಂದವು.

ಅದೇ 1948ರಲ್ಲಿ ಡಾ. ಮಾರಿಸ್ ಡಬ್ಬಿಗಳ ಮಾರಾಟದಿಂದ ತಮಗೆ ಬರುವ ಹಣದ ಪಾಲನ್ನು ತೊಡಗಿಸಿ ಪ್ರಾಣಿಗಳ ಆರೋಗ್ಯ ಸಂಶೋಧನೆಗೆ ಒಂದು ಪ್ರತಿಷ್ಠಾನ ಕಟ್ಟಿದರು. ಇಂದಿಗೂ ನಡೆಯುತ್ತಿರುವ ಮಾರಿಸ್ ಅನಿಮಲ್ ಫೌಂಡೇಶನ್ ಅದು. ಒಂದು ನಾಯಿಯಿಂದ ಕಲಿತದ್ದರ ಫಲ ಇತರ ಪ್ರಾಣಿಗಳಿಗೂ ಮರಳಬೇಕೆಂಬ ಈ ಮನಸ್ಸನ್ನು ನಾನು ಅವರ ಪಥ್ಯದಷ್ಟೇ ಗೌರವಿಸುತ್ತೇನೆ.

ಎರಡನೇ ತಲೆಮಾರಿನಲ್ಲಿ ಮಗ ಮಾರ್ಕ್ ಮಾರಿಸ್ ಜೂನಿಯರ್ ಸಹ ಪಶುವೈದ್ಯರಾಗಿ ಇದೇ ಕೆಲಸ ಹಿಡಿದರು. ಆರೋಗ್ಯವಂತ ಪ್ರಾಣಿಗೂ ವಯಸ್ಸಿಗೆ ತಕ್ಕ ಊಟ ಬೇಕೆಂಬ ವಿಚಾರದಿಂದ 1968ರಲ್ಲಿ ‘ಸೈನ್ಸ್ ಡಯಟ್’ ಬಂತು. ಅದೇ ವರ್ಷ ಹಿಲ್ ಕಂಪನಿ ರಿವಿಯಾನ ಎಂಬ ಅಕ್ಕಿ ವ್ಯಾಪಾರದ ಕಂಪನಿಗೆ ಸೇರಿತು. 1976ರಲ್ಲಿ ರಿವಿಯಾನದ ಜೊತೆಗೆ ಕೋಲ್ಗೇಟ್ ಕಂಪನಿಯ ಪಾಲಾಯಿತು. ಮನೆತನದ ಕೈ ದಾಟಿದರೂ ಹಿಲ್ ಎಂಬ ಹೆಸರು ಡಬ್ಬಿಯ ಮೇಲೆ ಉಳಿದಿದೆ.

ಪರೀಕ್ಷೆಗೆ ನಿಂತ ಪಥ್ಯ

ಒಂದು ನಾಯಿ ಚೇತರಿಸಿಕೊಂಡಿತೆಂದ ಮಾತ್ರಕ್ಕೆ ಪಥ್ಯ ನಿಜವೆನ್ನಲಾಗದು. ಬಹಳ ವರ್ಷ ಪಶುವೈದ್ಯರು ಅನುಭವದ ಮೇಲೆ ಇದನ್ನು ನಂಬಿದರು, ಕೆಲವರು ಪ್ರಶ್ನಿಸಿದರು. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ಉತ್ತರ ಕೊಟ್ಟಿತು. ತಾನಾಗಿ ಕಿಡ್ನಿ ಕಾಯಿಲೆ ಬಂದ 38 ನಾಯಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಿಡ್ನಿಯ ಪಥ್ಯ, ಇನ್ನೊಂದಕ್ಕೆ ಮಾಮೂಲು ಆಹಾರ ಕೊಟ್ಟರು. ಯಾರಿಗೆ ಯಾವುದು ಎಂಬುದು ಮಾಲೀಕರಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ಮಾಮೂಲು ಆಹಾರ ತಿಂದ ಗುಂಪಿನ ಮಧ್ಯಮ ಬಾಳಿಕೆ 188 ದಿನ, ಪಥ್ಯ ತಿಂದವುಗಳದ್ದು 594 ದಿನ. ಆರು ತಿಂಗಳೆಲ್ಲಿ, ಒಂದೂವರೆ ವರ್ಷಕ್ಕೂ ಮೀರಿದ್ದೆಲ್ಲಿ! ಹನ್ನೆರಡು ಹದಿಮೂರು ವರ್ಷ ಬಾಳುವ ಜೀವಕ್ಕೆ ಇದು ಸಣ್ಣ ಮಾತಲ್ಲ.

ಕಾಲ ಕಳೆದಂತೆ ಪಥ್ಯದ ಒಳಗಿನ ಕಾರಣವೂ ತಿದ್ದಿಕೊಂಡಿತು. ಡಾ. ಮಾರಿಸ್ ಕಣ್ಣಿಟ್ಟದ್ದು ಮುಖ್ಯವಾಗಿ ಪ್ರೋಟೀನಿನ ಮೇಲೆ. ಮಾಂಸ ಮೂಳೆಗಳಲ್ಲಿ ತುಂಬಿರುವ ರಂಜಕ, ಅಂದರೆ ಫಾಸ್ಫರಸ್, ಸೋತ ಕಿಡ್ನಿಗೆ ಇನ್ನೂ ದೊಡ್ಡ ಶತ್ರು ಎಂದು ನಂತರದ ಸಂಶೋಧನೆ ತೋರಿಸಿತು. ಅದು ರಕ್ತದಲ್ಲಿ ಉಳಿದರೆ ಮೂಳೆಯ ಸುಣ್ಣ ಕರಗುತ್ತದೆ, ಉಳಿದ ನೆಫ್ರಾನುಗಳು ಬೇಗ ಸಾಯುತ್ತವೆ. ಮಾಂಸ ಇಳಿಸಿದ ಪಥ್ಯದಲ್ಲಿ ರಂಜಕ ತಾನಾಗಿ ಇಳಿದಿತ್ತು. ದಾರಿ ಸರಿಯಿತ್ತು, ಅದು ಏಕೆ ಸರಿ ಎಂಬುದು ಪೂರ್ತಿ ತಿಳಿದದ್ದು ಆಮೇಲೆ. ಸೋತ ಕಿಡ್ನಿಯ ಹೊರೆ ಇಳಿಸಲೆಂದೇ ಮಾಡಿದ ಊಟವಾದ್ದರಿಂದ ಆರೋಗ್ಯವಾಗಿರುವ ನಾಯಿಗೆ, ಬೆಳೆಯುವ ಮರಿಗೆ ಈ ಪಥ್ಯ ಸಲ್ಲದು. ಕಾಯಿಲೆ ಬಿದ್ದ ನಾಯಿಗೂ ವೈದ್ಯರು ರಕ್ತ ಮೂತ್ರ ನೋಡಿ ಹೇಳಿದ ಮೇಲೆಯೇ ಕೊಡಬೇಕು.

2011ರಲ್ಲಿ ಜಗತ್ತಿನ ಸಾಕುಪ್ರಾಣಿ ವೈದ್ಯರ ಒಕ್ಕೂಟ ಒಂದು ಮಾರ್ಗಸೂಚಿ ಹೊರಡಿಸಿತು. ಯಾವ ಪ್ರಾಣಿ ಆಸ್ಪತ್ರೆಗೆ ಬಂದರೂ ಜ್ವರ, ನಾಡಿ, ಉಸಿರಾಟ, ನೋವು ಈ ನಾಲ್ಕರ ಜೊತೆಗೆ ಐದನೆಯದಾಗಿ ಅದರ ಆಹಾರವನ್ನೂ ವಿಚಾರಿಸಬೇಕು ಎಂದು. ಬಡೀಗಾಗಿ ಒಲೆ ಹಚ್ಚಿ 72 ವರ್ಷಗಳಾಗಿದ್ದವು. ಇಂದು ಒಳ್ಳೆಯ ಪಶುವೈದ್ಯರು ಮೇಜಿನ ಮೇಲೆ ನಿಂತ ನಾಯಿಯ ತಲೆ ಸವರುತ್ತಾ ‘ಊಟಕ್ಕೆ ಏನು ಹಾಕ್ತೀರಿ?’ ಎಂದು ಕೇಳುತ್ತಾರೆ. ಆಗ ನಾವು ‘ನಾವು ತಿಂದದ್ದೇ’ ಎಂದು ಹೇಳಿ ಮುಗಿಸಬಾರದು. ಎಷ್ಟು ಹಾಕುತ್ತೇವೆ, ಎಷ್ಟು ತಿನ್ನುತ್ತದೆ, ಈಚೆಗೆ ನೀರಿನ ಬಟ್ಟಲು ಬೇಗ ಖಾಲಿಯಾಗುತ್ತಿದೆಯೇ ಎಂಬುದನ್ನೆಲ್ಲ ನೆನಪಿಟ್ಟುಕೊಂಡು ಹೇಳಬೇಕು. ವೈದ್ಯರ ಅರ್ಧ ಕೆಲಸ ನಮ್ಮ ಆ ಉತ್ತರದಲ್ಲೇ ಇರುತ್ತದೆ.